ಎರಡು ಡಿಜಿ ಸೆಟ್ ನೀಟಾಗಿ ಸಿಂಕ್ ಆಗುತ್ತವೆ, ಆದರೆ ಆಂಪ್ಸ್ ಲೆಕ್ಕ ಕೂಡುತ್ತಿಲ್ಲ

ಗಂಗಾವತಿ_ಮಿಲ್:

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರ ಒಂದು ರೈಸ್ ಮಿಲ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೇನೆ. ಒಂದು ತಿಂಗಳಿಂದ ನಿದ್ದೆ ಕೆಡಿಸಿರುವ ಸಮಸ್ಯೆ ಇದು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಲ್ಲಿ ಎರಡು ಡಿಜಿ ಸೆಟ್ (ಡೀಸೆಲ್ ಜನರೇಟರ್) ಇವೆ. ಒಂದನೇದು 320 ಕೆವಿಎ, ಎರಡನೇದು 250 ಕೆವಿಎ. ಕರೆಂಟ್ ಹೋದಾಗ ಎರಡನ್ನೂ ಸ್ಟಾರ್ಟ್ ಮಾಡಿ ಒಂದೇ ಬಸ್‌ಬಾರ್‌ಗೆ (ಕರೆಂಟ್ ಹಂಚುವ ದಪ್ಪ ಲೋಹದ ಪಟ್ಟಿ) ಹಾಕುತ್ತೇವೆ. ಪ್ಯಾನೆಲ್ ಹಳೇದು. ಎರಡೂ ಸೆಟ್ ಒಂದೇ ತಾಳಕ್ಕೆ ಬಂದಿವೆಯಾ (ಸಿಂಕ್ ಆಗಿವೆಯಾ) ಅಂತ ಮುಳ್ಳಿನಲ್ಲಿ ತೋರಿಸುವ ಸಿಂಕ್ರೊಸ್ಕೋಪ್ ನೋಡಿಕೊಂಡು ಕೈಯಲ್ಲೇ ಬ್ರೇಕರ್ ಕ್ಲೋಸ್ ಮಾಡಬೇಕು. ಸಿಂಕ್ ಮಾಡುವಾಗ ಏನೂ ತೊಂದರೆ ಇಲ್ಲ, ಎಂಜಿನ್ ಒಂಚೂರೂ ಗುದ್ದುವುದಿಲ್ಲ. ತೊಂದರೆ ಶುರುವಾಗುವುದು ಆಮೇಲೆ.

ನಿನ್ನೆಯ ರೀಡಿಂಗ್ ಇದು. ಒಂದನೇ ಸೆಟ್ 155 ಕಿಲೋವ್ಯಾಟ್, 409 ಆಂಪ್ಸ್, ಪವರ್ ಫ್ಯಾಕ್ಟರ್ (ನಿಜವಾದ ಕೆಲಸಕ್ಕೆ ಬರುವ ಪಾಲು) 0.53 ಲ್ಯಾಗ್, ಅಂದರೆ ಕರೆಂಟ್ ವೋಲ್ಟೇಜ್‌ಗಿಂತ ಹಿಂದೆ. ಎರಡನೇ ಸೆಟ್ 125 ಕಿಲೋವ್ಯಾಟ್, 204 ಆಂಪ್ಸ್, 0.85 ಲೀಡ್, ಅಂದರೆ ಕರೆಂಟ್ ಮುಂದೆ. ಎರಡೂ ಸೇರಿದರೆ 613 ಆಂಪ್ಸ್ ಆಯಿತು, ಅಲ್ವಾ? ಆದರೆ ಮಿಲ್ ಕಡೆ ಹೋಗುವ ಫೀಡರ್ ಮೀಟರ್‌ನಲ್ಲಿ ತೋರಿಸುವುದು 458 ಮಾತ್ರ. ಮಿಕ್ಕ 155 ಆಂಪ್ಸ್ ಎಲ್ಲಿಗೆ ಹೋಯಿತು? ಇನ್ನೊಂದು ಪಾಲಿಷರ್ ಸ್ಟಾರ್ಟ್ ಮಾಡಿದರೆ ಸಾಕು, ಒಂದನೇ ಸೆಟ್ ಓವರ್‌ಕರೆಂಟ್‌ನಲ್ಲಿ ಟ್ರಿಪ್. ಆಮೇಲೆ ಪೂರ್ತಿ ಲೋಡ್ ಎರಡನೇದರ ಮೇಲೆ ಬಿದ್ದು ಅದೂ ಟ್ರಿಪ್. ಡ್ರೈಯರ್‌ನಲ್ಲಿ ಭತ್ತ ಅರ್ಧಕ್ಕೆ ನಿಂತರೆ ಮಾಲೀಕರಿಗೆ ಎಷ್ಟು ನಷ್ಟ ಅಂತ ಈ ಕಡೆಯವರಿಗೆ ಗೊತ್ತು.

ಲೋಡೇ ಇಲ್ಲದಾಗ ಎರಡನ್ನೂ ಸಿಂಕ್ ಮಾಡಿ ಬಿಟ್ಟರೂ ಎರಡರಲ್ಲೂ 90 ಆಂಪ್ಸ್ ತೋರಿಸುತ್ತದೆ. ಎಂಜಿನ್‌ಗೆ ಡೀಸೆಲ್ ಎಷ್ಟು ಅಂತ ನೋಡಿಕೊಳ್ಳುವ ಗವರ್ನರ್‌ನಲ್ಲಿ ಸ್ಪೀಡ್ ಹೆಚ್ಚು ಕಡಿಮೆ ಮಾಡಿ ಮಾಡಿ ಸಾಕಾಯಿತು.

ಹುಬ್ಬಳ್ಳಿ_ಡೀಸೆಲ್:

ಬ್ರದರ್, ಗವರ್ನರ್ ಮತ್ತೆ ಸೆಟ್ ಮಾಡಿಸಿ. ಎರಡು ಎಂಜಿನ್ ಸ್ಪೀಡ್ ಒಂದೇ ಇಲ್ಲ ಅನ್ನಿಸುತ್ತದೆ. ಹಾಗೇ ಎವಿಆರ್‌ನಲ್ಲಿ (ವೋಲ್ಟೇಜ್ ಕಾಯುವ ಬೋರ್ಡ್) ಡ್ರೂಪ್ ಅಂತ ಒಂದು ಪಾಟ್ (ತಿರುಗಿಸುವ ಗುಂಡಿ) ಇರುತ್ತದೆ, ಎರಡೂ ಕಡೆ ಸೊನ್ನೆಗೆ ತಿರುಗಿಸಿಬಿಡಿ. ವೋಲ್ಟೇಜ್ ಗಟ್ಟಿಯಾಗಿ 415ಕ್ಕೆ ನಿಲ್ಲುತ್ತದೆ.

ಪೀಣ್ಯ_ಪ್ಯಾನೆಲ್:

ದಯವಿಟ್ಟು ಡ್ರೂಪ್ ಸೊನ್ನೆ ಮಾಡಬೇಡಿ. ಹುಬ್ಬಳ್ಳಿ ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ಒಂದೇ ಸೆಟ್ ಓಡಿಸುವವರಿಗೆ ನೀವು ಹೇಳಿದ್ದು ಸರಿ. ಪ್ಯಾರಲಲ್‌ನಲ್ಲಿ ಅದೇ ಮಾತು ಕೈ ಕೊಡುತ್ತದೆ.

ಇಪ್ಪತ್ತು ವರ್ಷದಿಂದ ಸಿಂಕ್ ಪ್ಯಾನೆಲ್ ಕಟ್ಟುತ್ತಿದ್ದೇನೆ. ಗಂಗಾವತಿಯವರು ಕೊಟ್ಟಿರುವ ರೀಡಿಂಗ್‌ನಲ್ಲೇ ಉತ್ತರ ಇದೆ. ಕಿಲೋವ್ಯಾಟ್ ನೋಡಿ: 155 ಮತ್ತು 125. ಸೆಟ್‌ಗಳ ಸೈಜಿಗೆ ತಕ್ಕ ಹಾಗೆ ಹಂಚಿಕೆ ಆಗಿದೆ. ಅಂದರೆ ಎಂಜಿನ್, ಗವರ್ನರ್, ಡೀಸೆಲ್ ಎಲ್ಲಾ ಸರಿ. ಕೆಟ್ಟಿರುವುದು ಕೆವಿಎಆರ್ (ಕೆಲಸ ಮಾಡದೆ, ಮೋಟಾರ್‌ಗಳ ಕಾಂತಕ್ಷೇತ್ರಕ್ಕಾಗಿ ಹೋಗಿ ಬರುವ ಪವರ್) ಹಂಚಿಕೆ. ಲೆಕ್ಕ ಹಾಕಿದೆ. ಒಂದನೇದು 250 ಕೆವಿಎಆರ್ ಕೊಡುತ್ತಿದೆ. ಮಿಲ್‌ಗೆ ಬೇಕಾದದ್ದು ಬರೀ 174. ಮಿಕ್ಕ 76 ಎಲ್ಲಿಗೆ ಹೋಯಿತು? ಎರಡನೇ ಸೆಟ್‌ನ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಕರೆಂಟ್ ಹುಟ್ಟಿಸುವ ಮೆಷಿನ್) ಒಳಗೆ. ಮೀಟರ್‌ನಲ್ಲಿ ಲೀಡ್ ಅಂತ ಕಾಣುವುದು ಅದೇ. ನಿಮ್ಮ ಮಿಕ್ಕ ಆಂಪ್ಸ್ ಎಲ್ಲೂ ಕಳೆದುಹೋಗಿಲ್ಲ, ಎರಡು ಮೆಷಿನ್ ನಡುವೆ ಸುಮ್ನೆ ಸುತ್ತುತ್ತಿದೆ. ಕೆಲಸ ಮಾಡುವುದಿಲ್ಲ, ವೈಂಡಿಂಗ್ ಮಾತ್ರ ಬಿಸಿ ಮಾಡುತ್ತದೆ. 320 ಕೆವಿಎ ಸೆಟ್‌ನ ಫುಲ್ ಲೋಡ್ 445 ಆಂಪ್ಸ್. ಅದರಲ್ಲಿ 409 ಆಗಲೇ ತುಂಬಿಕೊಂಡಿದ್ದರೆ ಪಾಲಿಷರ್ ಸ್ಟಾರ್ಟ್ ಆಗಲು ಜಾಗ ಎಲ್ಲಿದೆ?

ಎರಡು ಪ್ರಶ್ನೆ. ಈಚೆಗೆ ಯಾವುದಾದರೂ ಸೆಟ್‌ಗೆ ಎವಿಆರ್ ಬದಲಾಯಿಸಿದ್ದೀರಾ? ಪ್ರತಿ ದಿನವೂ ಒಂದನೇ ಸೆಟ್ಟೇ ಜಾಸ್ತಿ ಆಂಪ್ಸ್ ತೆಗೆದುಕೊಳ್ಳುತ್ತದಾ?

ಡಿಪ್ಲೊಮಾ_ಹುಡುಗ:

ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸಿಂಕ್ ಆದ ಮೇಲೆ ಗವರ್ನರ್ ಜಾಸ್ತಿ ಮಾಡಿದರೆ ಸ್ಪೀಡ್ ಜಾಸ್ತಿ ಆಗಬೇಕು ತಾನೇ? ಕಿಲೋವ್ಯಾಟ್ ಯಾಕೆ ಜಾಸ್ತಿ ಆಗುತ್ತದೆ? ಎವಿಆರ್ ಜಾಸ್ತಿ ಮಾಡಿದರೆ ವೋಲ್ಟೇಜ್ ಬದಲು ಕೆವಿಎಆರ್ ಯಾಕೆ? ಪುಸ್ತಕದಲ್ಲಿ ವೆಕ್ಟರ್ ಚಿತ್ರ ಇದೆ, ತಲೆಗೆ ಹತ್ತುತ್ತಿಲ್ಲ.

ಹಳೇ_ಪವರ್‌ಹೌಸ್:

ತಮ್ಮಾ, ಕೇಳಿದ್ದು ಒಳ್ಳೆಯದಾಯಿತು. ಶರಾವತಿ ಕಣಿವೆಯಲ್ಲಿ ಆಪರೇಟರ್ ಆಗಿದ್ದು ಈಗ ರಿಟೈರ್ ಆಗಿದ್ದೇನೆ. ನನಗೂ ಮೊದಲ ವರ್ಷ ಇದೇ ಗೊಂದಲ ಇತ್ತು.

ಒಂದೇ ಜನರೇಟರ್ ಓಡುವಾಗ ಅದು ಒಂಟಿ. ಡೀಸೆಲ್ ಜಾಸ್ತಿ ಕೊಟ್ಟರೆ ಸ್ಪೀಡ್ ಏರುತ್ತದೆ, ಫೀಲ್ಡ್ (ರೋಟರ್ ಅಯಸ್ಕಾಂತದ ಬಲ) ಜಾಸ್ತಿ ಕೊಟ್ಟರೆ ವೋಲ್ಟೇಜ್ ಏರುತ್ತದೆ. ಇನ್ನೊಂದರ ಜೊತೆ ಬ್ರೇಕರ್ ಹಾಕಿದ ಕ್ಷಣದಿಂದ ಎರಡು ರೋಟರ್‌ಗಳೂ ಒಂದೇ ಫ್ರೀಕ್ವೆನ್ಸಿಗೆ ಕಟ್ಟುಬಿದ್ದವು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ಒಂದು ಎತ್ತು ಜೋರು ಮಾಡಿದರೆ ಮುಂದೆ ಓಡಿಹೋಗಲು ಆಗುವುದಿಲ್ಲ, ನೊಗದ ಭಾರ ಜಾಸ್ತಿ ತೆಗೆದುಕೊಳ್ಳುತ್ತದೆ ಅಷ್ಟೇ. ಡೀಸೆಲ್ ಜಾಸ್ತಿ ಕೊಟ್ಟಾಗ ರೋಟರ್ ಕೆಲವು ಡಿಗ್ರಿ ಮುಂದೆ ಸರಿದು ನಿಲ್ಲುತ್ತದೆ. ಆ ಕೆಲವು ಡಿಗ್ರಿಯೇ ಕಿಲೋವ್ಯಾಟ್.

ವೋಲ್ಟೇಜ್ ಕಥೆಯೂ ಇದೇ. ಬಸ್ (ಬಸ್‌ಬಾರ್) ವೋಲ್ಟೇಜ್ ಎರಡಕ್ಕೂ ಒಂದೇ. ಒಂದರ ಫೀಲ್ಡ್ ಜಾಸ್ತಿ ಆದರೆ ಬಸ್ ವೋಲ್ಟೇಜ್ ಸ್ವಲ್ಪ ಮಾತ್ರ ಏರುತ್ತದೆ, ಉಳಿದದ್ದು ಕೆವಿಎಆರ್ ಆಗಿ ಪಕ್ಕದ ಮೆಷಿನ್‌ಗೆ ಹರಿಯುತ್ತದೆ. ಅದಕ್ಕೇ ಗಂಗಾವತಿಯವರು ಗವರ್ನರ್ ಎಷ್ಟು ತಿರುಗಿಸಿದರೂ ಆಂಪ್ಸ್ ಸರಿಹೋಗಲಿಲ್ಲ. ಬೇರೆ ಬಾಗಿಲು ತಟ್ಟುತ್ತಿದ್ದರು.

ಇನ್ನು ಡ್ರೂಪ್. ಗವರ್ನರ್‌ಗೆ 4 ಶೇಕಡಾ ಡ್ರೂಪ್ ಇದೆ ಅಂದರೆ, ಲೋಡ್ ಇಲ್ಲದಾಗ 52 ಹರ್ಟ್ಜ್ ಇಟ್ಟ ಎಂಜಿನ್ ಫುಲ್ ಲೋಡ್‌ಗೆ 50ಕ್ಕೆ ಇಳಿಯುತ್ತದೆ. ಭಾರ ಬಿದ್ದಷ್ಟೂ ಸ್ವಲ್ಪ ತಗ್ಗುವ ಗುಣ. ಎರಡೂ ಸೆಟ್‌ಗೆ ಅದೇ ಗುಣ ಇದ್ದರೆ ಯಾವುದು ಜಾಸ್ತಿ ಹೊರುತ್ತದೋ ಅದು ತಗ್ಗುತ್ತದೆ, ಇನ್ನೊಂದು ಕೈ ಜೋಡಿಸುತ್ತದೆ. ಎರಡೂ ಹಠ ಹಿಡಿದು 50ಕ್ಕೇ ನಿಲ್ಲುತ್ತೇನೆ ಅಂದರೆ ಭಾರ ಯಾರದು ಅಂತ ತೀರ್ಮಾನವೇ ಆಗುವುದಿಲ್ಲ. ಎವಿಆರ್‌ಗೂ ಇದೇ ಕಾರಣಕ್ಕೆ ಡ್ರೂಪ್ ಬೇಕು.

ಹುಬ್ಬಳ್ಳಿ_ಡೀಸೆಲ್:

ಈಗ ಅರ್ಥ ಆಯಿತು ಸರ್. ನಾನು ಹೆಚ್ಚಾಗಿ ಒಂಟಿ ಸೆಟ್‌ಗಳನ್ನೇ ನೋಡುವವನು. ಡ್ರೂಪ್ ಸೊನ್ನೆ ಮಾಡಿ ಅಂದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಗಂಗಾವತಿ_ಮಿಲ್:

ಪೀಣ್ಯ ಸರ್, ನೀವು ಕೇಳಿದ ಎರಡೂ ಪ್ರಶ್ನೆಗೆ ಮೈ ಜುಮ್ ಅಂದಿತು. ಹೌದು, ಎರಡನೇ ಸೆಟ್‌ನ ಎವಿಆರ್ ಹೋದ ತಿಂಗಳು ಸುಟ್ಟಿತ್ತು, ಹೊಸದು ಹಾಕಿಸಿದೆವು. ಹಾಕಿದವರು ಒಂಟಿಯಾಗಿ ಓಡಿಸಿ 415 ತೋರಿಸಿ ಹೋದರು. ಮತ್ತೆ, ಪ್ರತಿ ದಿನ ಒಂದೇ ರೀತಿ ಇಲ್ಲ. ಲಾಗ್‌ಬುಕ್ ತೆಗೆದು ನೋಡಿದೆ. ಕೆಲವು ದಿನ ಒಂದನೇದು ಜಾಸ್ತಿ, ಕೆಲವು ದಿನ ಎರಡನೇದು. ಯಾಕೆ ಅಂತ ನಮಗೆ ತಿಳಿಯದೆ ತಪ್ಪನ್ನು ಲೋಡ್ ಮೇಲೆ ಹಾಕಿಬಿಟ್ಟಿದ್ದೆವು.

ಪೀಣ್ಯ_ಪ್ಯಾನೆಲ್:

ಹಾಗಾದರೆ ಮುಕ್ಕಾಲು ಪಾಲು ಸಿಕ್ಕಿತು. ಎರಡನೇ ಸೆಟ್‌ನ ಡ್ರೂಪ್ ಸಿಟಿ (ಕರೆಂಟ್ ಅಳೆಯುವ ಚಿಕ್ಕ ಟ್ರಾನ್ಸ್‌ಫಾರ್ಮರ್) ಉಲ್ಟಾ ಆಗಿದೆ ಅನ್ನುವುದು ನನ್ನ ಅನುಮಾನ.

ಆಲ್ಟರ್ನೇಟರ್ ಟರ್ಮಿನಲ್ ಬಾಕ್ಸ್‌ನಲ್ಲಿ ಒಂದು ಫೇಸ್‌ನ ಕೇಬಲ್ ಮೇಲೆ ಚಿಕ್ಕ ಸಿಟಿ ಕೂತಿರುತ್ತದೆ. ಅದರಿಂದ ಎಸ್1, ಎಸ್2 ಅಂತ ಎರಡು ವೈರ್ ಎವಿಆರ್‌ಗೆ ಬರುತ್ತವೆ. ಕೆವಿಎಆರ್ ಜಾಸ್ತಿ ಆದಾಗ ವೋಲ್ಟೇಜ್ ತಗ್ಗಿಸು ಅಂತ ಎವಿಆರ್‌ಗೆ ಹೇಳುವುದು ಆ ಸಿಟಿ. ಎರಡು ವೈರ್ ಅದಲು ಬದಲಾದರೆ ಮಾತೂ ಉಲ್ಟಾ: ಕೆವಿಎಆರ್ ಜಾಸ್ತಿ ಕೊಡುತ್ತಿದ್ದೀಯಾ, ಇನ್ನೂ ವೋಲ್ಟೇಜ್ ಏರಿಸು ಅನ್ನುತ್ತದೆ. ಬೆಳಿಗ್ಗೆ ಸಿಂಕ್ ಮಾಡುವಾಗ ಎರಡನೇ ಸೆಟ್ ಒಂದು ವೋಲ್ಟ್ ಮೇಲಿದ್ದರೆ ಅದು ಕೊಡುತ್ತಾ ಕೊಡುತ್ತಾ ಮೇಲೇ ಹೋಗುತ್ತದೆ. ಒಂದು ವೋಲ್ಟ್ ಕೆಳಗಿದ್ದರೆ ತೆಗೆದುಕೊಳ್ಳುತ್ತಾ ಕೆಳಗೇ ಹೋಗುತ್ತದೆ. ನಿಮ್ಮ ಲಾಗ್‌ಬುಕ್‌ನಲ್ಲಿ ದಿನಕ್ಕೊಂದು ರೀತಿ ಆಗಿರುವುದು ಅದಕ್ಕೆ. ಒಂಟಿಯಾಗಿ ಲೋಡ್ ಇಲ್ಲದೆ ಓಡಿಸಿದರೆ ಇದು ಕಾಣುವುದೇ ಇಲ್ಲ. ಹಾಕಿದವರಿಗೆ ಗೊತ್ತಾಗದಿದ್ದುದು ಆಶ್ಚರ್ಯ ಅಲ್ಲ, ಆದರೆ ಪ್ಯಾರಲಲ್ ಸೆಟ್ ಅಂದ ಮೇಲೆ ಲೋಡ್ ಹಾಕಿ ನೋಡಬೇಕಿತ್ತು.

ಪರೀಕ್ಷೆ ಸುಲಭ. ಎರಡನೇ ಸೆಟ್ ಮಾತ್ರ ಓಡಿಸಿ. ಮೋಟಾರ್‌ಗಳಿಗೆ ಕೆವಿಎಆರ್ ಕೊಡುವ ಕೆಪ್ಯಾಸಿಟರ್ ಬ್ಯಾಂಕ್ ಪೂರ್ತಿ ಆಫ್ ಇರಲಿ, ಇಲ್ಲದಿದ್ದರೆ ರೀಡಿಂಗ್ ನಂಬಲು ಆಗುವುದಿಲ್ಲ. ಡ್ರೂಪ್ ಪಾಟ್ ಮಧ್ಯದಲ್ಲಿಡಿ. ಲೋಡ್ ಇಲ್ಲದೆ ವೋಲ್ಟೇಜ್ ಬರೆದುಕೊಳ್ಳಿ. ಆಮೇಲೆ ಡ್ರೈಯರ್ ಬ್ಲೋವರ್‌ಗಳನ್ನು ಒಂದೊಂದಾಗಿ ಹಾಕಿ. ಮೋಟಾರ್ ಲೋಡೇ ಬೇಕು, ಹೀಟರ್ ಹಾಕಿದರೆ ಸರಿಯಾಗಿ ಗೊತ್ತಾಗುವುದಿಲ್ಲ. ವೋಲ್ಟೇಜ್ ಇಳಿದರೆ ಸಿಟಿ ಸರಿ ಇದೆ. ಏರಿದರೆ ಉಲ್ಟಾ. ಅಲುಗಾಡದಿದ್ದರೆ ಸಿಟಿ ವೈರ್ ಎಲ್ಲೋ ಬಿಟ್ಟುಹೋಗಿದೆ ಅಥವಾ ಶಾರ್ಟ್ ಆಗಿದೆ.

ಒಂದು ಮಾತು ಮರೆಯಬೇಡಿ. ಸೆಟ್ ಓಡುವಾಗ ಸಿಟಿ ವೈರ್ ಬಿಚ್ಚಲೇಬಾರದು. ಸೆಕೆಂಡರಿ ಓಪನ್ ಆದರೆ ಅಲ್ಲಿ ಏಳುವ ವೋಲ್ಟೇಜ್ ಜೀವ ತೆಗೆಯುವಷ್ಟು ಇರಬಹುದು. ಎಂಜಿನ್ ನಿಲ್ಲಿಸಿ, ಬ್ಯಾಟರಿ ಟರ್ಮಿನಲ್ ತೆಗೆದು, ಆಮೇಲೆ ಕೈ ಹಾಕಿ.

ಕಡಲ_ಎಲೆಕ್ಟ್ರಿಷಿಯನ್:

ನಾನು ಮಂಗಳೂರಿನವನು, ಸರಕು ಹಡಗಿನಲ್ಲಿ ಕೆಲಸ. ಪೀಣ್ಯ ಅಣ್ಣ ಹೇಳಿದ್ದಕ್ಕೆ ಸೇರಿಸಲು ಏನೂ ಇಲ್ಲ. ಸಿಂಕ್ ಮಾಡುವ ಬಗ್ಗೆ ಡಿಪ್ಲೊಮಾ ತಮ್ಮನಿಗಾಗಿ ಎರಡು ಮಾತು ಹೇಳುತ್ತೇನೆ. ಬಂದರಿನಿಂದ ಹೊರಡುವಾಗಲೆಲ್ಲಾ ನಮಗೆ ಇದೇ ಕೆಲಸ. ಬೋ ಥ್ರಸ್ಟರ್ (ಹಡಗಿನ ಮೂತಿಯನ್ನು ಪಕ್ಕಕ್ಕೆ ತಳ್ಳುವ ಮೋಟಾರ್ ಪಂಕ) ಹಾಕುವ ಮುಂಚೆ ಇನ್ನೊಂದು ಜನರೇಟರ್ ಬಸ್‌ಗೆ ಬರಲೇಬೇಕು. ನಮ್ಮದು 440 ವೋಲ್ಟ್, 60 ಹರ್ಟ್ಜ್.

ಹೊಸದಾಗಿ ಬರುವ ಮೆಷಿನ್ ಬಸ್‌ಗಿಂತ ಒಂಚೂರು ಫಾಸ್ಟ್ ಇರಬೇಕು. ಓಡುವ ಬಸ್ಸು ಹತ್ತುವುದು ನೋಡಿದ್ದೀರಲ್ಲ? ಬಸ್ಸಿನ ಜೊತೆಗೇ ಓಡಿ, ಅದಕ್ಕಿಂತ ಒಂದು ಕೈ ಮುಂದಾದಾಗ ಕಾಲಿಡಬೇಕು. ನಿಧಾನ ಇದ್ದರೆ ಬಸ್ಸೇ ಎಳೆದುಕೊಂಡು ಹೋಗುತ್ತದೆ. ಇಲ್ಲೂ ಅಷ್ಟೇ. ನಿಧಾನ ಇದ್ದ ಮೆಷಿನ್ ಬಸ್‌ನಿಂದ ಪವರ್ ತೆಗೆದುಕೊಂಡು ಮೋಟಾರ್ ಆಗಿಬಿಡುತ್ತದೆ, ರಿವರ್ಸ್ ಪವರ್ ರಿಲೇ ಹೊರಗೆ ತಳ್ಳುತ್ತದೆ.

ವ್ಯತ್ಯಾಸ 0.1 ಹರ್ಟ್ಜ್ ಇದ್ದರೆ ಸಿಂಕ್ರೊಸ್ಕೋಪ್ ಮುಳ್ಳು ಒಂದು ಸುತ್ತು ಬರಲು 10 ಸೆಕೆಂಡ್. ಸೆಕೆಂಡಿಗೆ 36 ಡಿಗ್ರಿ. ನಿಮ್ಮ ಕೈ ಸ್ವಿಚ್ ತಿರುಗಿಸಿ ಬ್ರೇಕರ್ ಕೂರುವಷ್ಟರಲ್ಲಿ ಕಾಲು ಸೆಕೆಂಡಿಗಿಂತ ಜಾಸ್ತಿ ಹೋಗಿರುತ್ತದೆ, ಅಂದರೆ ಸುಮಾರು 10 ಡಿಗ್ರಿ. ಅದಕ್ಕೇ 12 ಗಂಟೆ ಜಾಗಕ್ಕೆ ಮುಳ್ಳು ಬರುವ ಮುಂಚೆಯೇ ಕೈ ಹೋಗಬೇಕು. ದಾಟಿದ ಮೇಲೆ ಆಸೆ ಬಿಡಿ, ಇನ್ನೊಂದು ಸುತ್ತು ಕಾಯಿರಿ. ಮುಳ್ಳು 12ರಲ್ಲೇ ನಿಂತುಬಿಟ್ಟರೆ ನಂಬಬೇಡಿ. ಫ್ಯೂಸ್ ಹೋಗಿ ನಿಂತಿರಬಹುದು, ಮುಳ್ಳು ಸಿಕ್ಕಿಕೊಂಡಿರಬಹುದು. ನಮ್ಮ ಚೀಫ್ ಪಕ್ಕದಲ್ಲಿ ದೀಪ ಉರಿದು ಆರುವುದನ್ನು ನೋಡದೆ ಕೈ ಹಾಕಲು ಬಿಡುತ್ತಿರಲಿಲ್ಲ.

ಡಿಪ್ಲೊಮಾ_ಹುಡುಗ:

ತುಂಬಾ ಥ್ಯಾಂಕ್ಸ್ ಅಣ್ಣ. ನಮ್ಮ ಲ್ಯಾಬ್‌ನಲ್ಲಿ ಮೂರು ದೀಪ ನೋಡಿ ಸಿಂಕ್ ಮಾಡುವ ವಿಧಾನ ಇದೆ. ಮೇಷ್ಟ್ರು ಬಲ್ಬ್ ಸಿಗುತ್ತಿಲ್ಲ ಅಂತ ಎಲ್‌ಇಡಿ ಹಾಕಿದ್ದಾರೆ. ಸರಿಯಾಗಿ ಮಿಣುಕುವುದಿಲ್ಲ.

ಹಳೇ_ಪವರ್‌ಹೌಸ್:

ಎಲ್‌ಇಡಿ ಆಗುವುದಿಲ್ಲ ತಮ್ಮಾ. ಅದರೊಳಗಿನ ಸರ್ಕ್ಯೂಟ್ ವೋಲ್ಟೇಜ್ ತುಂಬಾ ಕಡಿಮೆಯಾಗುವ ತನಕ ಒಂದೇ ಬೆಳಕು ಕೊಡಬಹುದು. ತಂತಿ ಇರುವ ಹಳೇ ಬಲ್ಬೇ ಬೇಕು. ಅದೂ ಒಂದು ಫೇಸ್‌ಗೆ ಎರಡು ಬಲ್ಬ್ ಸೀರೀಸ್‌ನಲ್ಲಿ. ಯಾಕೆಂದರೆ ಎರಡು ಕಡೆಯ ವೋಲ್ಟೇಜ್ ಎದುರುಬದುರಾದಾಗ ಬಲ್ಬ್ ಮೇಲೆ 240ರ ಎರಡರಷ್ಟು, ಅಂದರೆ 480 ವೋಲ್ಟ್ ಬೀಳುತ್ತದೆ.

ಬಲ್ಬ್‌ಗೂ ಒಂದು ಮಿತಿ ಇದೆ. 10 ಡಿಗ್ರಿ ವ್ಯತ್ಯಾಸ ಇದ್ದರೂ ಎರಡು ಬಲ್ಬ್ ಸೇರಿ ಬೀಳುವುದು 42 ವೋಲ್ಟ್ ಅಷ್ಟೇ. ಕಣ್ಣಿಗೆ ಅದು ಕತ್ತಲೇ. ಆದ್ದರಿಂದ ಆರಿದ ತಕ್ಷಣ ಹಾಕಬಾರದು. ಎಷ್ಟು ಹೊತ್ತು ಕತ್ತಲಾಗಿರುತ್ತದೆ ಅಂತ ಎರಡು ಮೂರು ಸುತ್ತು ಮನಸ್ಸಿನಲ್ಲೇ ಎಣಿಸಿ, ಕತ್ತಲಿನ ನಡುವಿಗೆ ಹಾಕಬೇಕು. ಮೂರು ಫೇಸ್ ದೀಪಗಳೂ ಒಟ್ಟಿಗೆ ಉರಿದು ಒಟ್ಟಿಗೆ ಆರಬೇಕು. ಒಂದಾದ ಮೇಲೆ ಒಂದು ಸುತ್ತಿಕೊಂಡು ಉರಿಯುತ್ತಿದ್ದರೆ ಫೇಸ್ ಸೀಕ್ವೆನ್ಸ್ ಉಲ್ಟಾ, ಬ್ರೇಕರ್ ಹತ್ತಿರವೂ ಹೋಗಬೇಡ.

ಇದೇ ಮೂರು ಸಂಗತಿ, ವೋಲ್ಟೇಜ್, ಫ್ರೀಕ್ವೆನ್ಸಿ, ಕೋನ, ದೇಶದ ಗ್ರಿಡ್‌ಗೂ ಅನ್ವಯ ಆಗುತ್ತದೆ. ದಕ್ಷಿಣದ ಗ್ರಿಡ್ ಬಹಳ ಕಾಲ ಬೇರೆಯೇ ಓಡುತ್ತಿತ್ತು. ಉಳಿದ ದೇಶದ ಜೊತೆ ನಮಗಿದ್ದ ದೊಡ್ಡ ಸಂಬಂಧ ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವಂಥ ಡಿಸಿ ಲೈನ್‌ಗಳದ್ದು. ಡಿಸಿಗೆ ಸಿಂಕ್ ಬೇಕಿಲ್ಲವಲ್ಲ. 2012ರ ಜುಲೈ 30, 31ರಂದು ಉತ್ತರ ಭಾರತ ಕತ್ತಲಾದಾಗ ನಾವು ಉಳಿದುಕೊಂಡದ್ದು ಅದಕ್ಕೇ. ಆಮೇಲೆ 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ 765 ಕೆವಿ ಲೈನ್ ಮೂಲಕ ಎರಡನ್ನೂ ಸಿಂಕ್ ಮಾಡಿದರು. ಅವತ್ತಿನಿಂದ ಶರಾವತಿಯ ರೋಟರ್ ಮತ್ತು ಹಿಮಾಚಲದ ರೋಟರ್ ಒಂದೇ ತಾಳಕ್ಕೆ ತಿರುಗುತ್ತಿವೆ. ನನಗೆ ಈಗಲೂ ಅದನ್ನು ನೆನೆದರೆ ಸಂತೋಷ ಆಗುತ್ತದೆ.

ಪೀಣ್ಯ_ಪ್ಯಾನೆಲ್:

ಹಿರಿಯರು ಸೀಕ್ವೆನ್ಸ್ ಅಂದಿದ್ದಕ್ಕೆ ಒಂದು ಸಂಗತಿ ಹೇಳಲೇಬೇಕು. ಹೆಸರು ಬೇಡ, ಒಂದು ಫ್ಯಾಕ್ಟರಿಯಲ್ಲಿ ಕೇಬಲ್ ಬದಲಾಯಿಸಿದ ಮೇಲೆ ಸೀಕ್ವೆನ್ಸ್ ಮೀಟರ್ ಇಟ್ಟು ನೋಡಿದ್ದರು. ಎರಡೂ ಕಡೆ ಸರಿ ತೋರಿಸಿತು. ಆದರೆ ಆರ್ ಫೇಸ್ ಜಾಗಕ್ಕೆ ವೈ, ವೈ ಜಾಗಕ್ಕೆ ಬಿ, ಬಿ ಜಾಗಕ್ಕೆ ಆರ್ ಬಂದಿತ್ತು. ಸುತ್ತುವ ದಿಕ್ಕು ಸರಿಯೇ, ಜಾಗ ಮಾತ್ರ 120 ಡಿಗ್ರಿ ಆಚೆ. ಸಿಂಕ್ರೊಸ್ಕೋಪ್‌ಗೆ ಹೋಗುವ ವೈರ್ ಹಳೇ ಬಣ್ಣದ ಪ್ರಕಾರವೇ ಇದ್ದುದರಿಂದ ಮುಳ್ಳು 12 ತೋರಿಸಿತು. ಬ್ರೇಕರ್ ಹಾಕಿದರು. ನಾನು ಸಂಜೆ ಹೋದಾಗ ಕಪ್ಲಿಂಗ್ ರಬ್ಬರ್ ತುಂಡು ತುಂಡಾಗಿ ಬೇಸ್ ಫ್ರೇಮ್ ಕೆಳಗೆಲ್ಲಾ ಬಿದ್ದಿತ್ತು. ರೂಮ್ ತುಂಬಾ ಸುಟ್ಟ ವಾರ್ನಿಷ್ ವಾಸನೆ. ಆಪರೇಟರ್ ಹುಡುಗ ಗೋಡೆಗೆ ಒರಗಿ ಕೂತಿದ್ದ, ಕೈ ಇನ್ನೂ ನಡುಗುತ್ತಿತ್ತು. ತಪ್ಪು ಅವನದ್ದಲ್ಲವೇ ಅಲ್ಲ.

ಅದಕ್ಕೇ ಕೇಬಲ್ ಮುಟ್ಟಿದ ಮೇಲೆ ಮೊದಲ ಸಲ ಬ್ರೇಕರ್ ಹಾಕುವ ಮುಂಚೆ, ಮುಳ್ಳು 12ರಲ್ಲಿ ಹಾದುಹೋಗುವಾಗ ಬ್ರೇಕರ್‌ನ ಮೂರೂ ಪೋಲ್‌ಗಳ ಮೇಲೆ ಕೆಳಗೆ ಮೀಟರ್ ಹಿಡಿದು ವೋಲ್ಟೇಜ್ ನೋಡಬೇಕು. ಮೂರರಲ್ಲೂ ಸೊನ್ನೆ ಹತ್ತಿರ ಬರಬೇಕು. ಒಂದರಲ್ಲಾದರೂ ಬರದಿದ್ದರೆ ನಿಲ್ಲಿಸಿ.

ಗಂಗಾವತಿ_ಮಿಲ್:

ಇವತ್ತು ಬೆಳಿಗ್ಗೆ ಆರಕ್ಕೇ ಹೋಗಿ ಪರೀಕ್ಷೆ ಮಾಡಿದೆ. ಎರಡನೇ ಸೆಟ್ ಒಂಟಿಯಾಗಿ, ಕೆಪ್ಯಾಸಿಟರ್ ಆಫ್. ಲೋಡ್ ಇಲ್ಲದೆ 415. ಒಂದು ಬ್ಲೋವರ್ ಹಾಕಿದೆ, 417. ಎರಡನೇದು, 419. ಮೂರನೇದು ಹಾಕಿದಾಗ 421. ಲೋಡ್ ಹಾಕಿದರೆ ವೋಲ್ಟೇಜ್ ಏರುತ್ತಿದೆ! ಹೆಲ್ಪರ್‌ಗೆ ಮೀಟರ್ ಕೊಟ್ಟು ನೀನೇ ಓದು ಅಂದೆ, ಅವನೂ ಅದೇ ಓದಿದ. ಡ್ರೂಪ್ ಪಾಟ್ ಸೊನ್ನೆಗೆ ತಂದರೆ 415ಕ್ಕೆ ವಾಪಸ್.

ಸೆಟ್ ನಿಲ್ಲಿಸಿ, ಬ್ಯಾಟರಿ ತೆಗೆದು, ಎಸ್1 ಎಸ್2 ಅದಲು ಬದಲು ಮಾಡಿದೆ. ಮತ್ತೆ ಅದೇ ಮೂರು ಬ್ಲೋವರ್: 415ರಿಂದ 408. ಒಂದನೇ ಸೆಟ್‌ನಲ್ಲೂ ಇದೇ ಪರೀಕ್ಷೆ ಮಾಡಿದೆ, ಅದು ಮೊದಲಿಂದಲೂ ಸರಿ ಇತ್ತು.

ಮಧ್ಯಾಹ್ನ ಎರಡನ್ನೂ ಸಿಂಕ್ ಮಾಡಿದೆವು. ಲೋಡ್ ಇಲ್ಲದಾಗ ಮೊದಲು 90 ಇದ್ದದ್ದು ಈಗ 6 ಆಂಪ್ಸ್. ಪೂರ್ತಿ ಮಿಲ್ ಹಾಕಿದಾಗ ಒಂದನೇದು 158 ಕಿಲೋವ್ಯಾಟ್, 257 ಆಂಪ್ಸ್. ಎರಡನೇದು 122 ಕಿಲೋವ್ಯಾಟ್, 201 ಆಂಪ್ಸ್. ಕೂಡಿದರೆ 458. ಫೀಡರ್ ಮೀಟರ್‌ನಲ್ಲೂ 458! ಎರಡನೇ ಪಾಲಿಷರ್ ಸ್ಟಾರ್ಟ್ ಮಾಡಿದೆವು, ಎಂಜಿನ್ ಒಂದು ಸಲ ಉಸಿರು ಎಳೆದ ಹಾಗೆ ಆಗಿ ಮತ್ತೆ ಸಮ ಆಯಿತು. ನಿಮ್ಮೆಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಒಂದೇ ಅನುಮಾನ. ಫುಲ್ ಲೋಡ್‌ನಲ್ಲಿ ವೋಲ್ಟೇಜ್ 406ಕ್ಕೆ ಇಳಿಯುತ್ತದೆ. ಪರವಾಗಿಲ್ಲವಾ?

ಪೀಣ್ಯ_ಪ್ಯಾನೆಲ್:

ಓದಿ ತುಂಬಾ ಖುಷಿ ಆಯಿತು. 406 ಧಾರಾಳವಾಗಿ ನಡೆಯುತ್ತದೆ, 2 ಶೇಕಡಾ ಚಿಲ್ಲರೆ ಇಳಿದಿದೆ ಅಷ್ಟೇ. ಆ ಇಳಿತವೇ ಎರಡು ಸೆಟ್‌ಗೆ ಹಂಚಿಕೊಳ್ಳಲು ಹೇಳಿಕೊಡುತ್ತಿರುವುದು. ಬೇಕಾದರೆ ಎರಡೂ ಸೆಟ್‌ನ ನೋ ಲೋಡ್ ವೋಲ್ಟೇಜ್ ಸಮವಾಗಿ 420ಕ್ಕೆ ಏರಿಸಿ. ಮುಂದೆ ದುಡ್ಡು ಇದ್ದಾಗ ಲೋಡ್ ಶೇರಿಂಗ್ ಕಂಟ್ರೋಲರ್ ಹಾಕಿಸಿದರೆ ಸಿಂಕ್, ಕಿಲೋವ್ಯಾಟ್, ಕೆವಿಎಆರ್ ಮೂರನ್ನೂ ಅದೇ ನೋಡಿಕೊಳ್ಳುತ್ತದೆ. ಆಗಲೂ ಈ ಸಿಟಿ ಪರೀಕ್ಷೆ ಮಾಡಿಸಿಯೇ ಒಪ್ಪಿಕೊಳ್ಳಿ.

ಡಿಪ್ಲೊಮಾ_ಹುಡುಗ:

ಕೊನೇ ಪ್ರಶ್ನೆ. ಕರೆಂಟ್ ಬಂದಾಗ ಒಂದು ಸೆಟ್ ಹೊರಗೆ ತೆಗೆಯುವುದು ಹೇಗೆ? ಸುಮ್ನೆ ಬ್ರೇಕರ್ ತೆಗೆದರೆ ಆಗುತ್ತದಾ?

ಕಡಲ_ಎಲೆಕ್ಟ್ರಿಷಿಯನ್:

ಹಾಗೇ ತೆಗೆದರೆ ಅದರ ಭಾರ ಪೂರ್ತಿ ಒಂದೇ ಏಟಿಗೆ ಇನ್ನೊಂದರ ಮೇಲೆ ಬೀಳುತ್ತದೆ. ಮೊದಲು ಉಳಿಯುವ ಸೆಟ್ ಅಷ್ಟು ಲೋಡ್ ಹೊರುತ್ತದಾ ನೋಡು. ಆಮೇಲೆ ಹೊರಡುವ ಸೆಟ್‌ನ ಗವರ್ನರ್ ನಿಧಾನಕ್ಕೆ ಇಳಿಸು, ಉಳಿಯುವುದರದ್ದು ಏರಿಸು. ಹೊರಡುವುದರ ಕಿಲೋವ್ಯಾಟ್ 10 ಶೇಕಡಾಕ್ಕಿಂತ ಕೆಳಗೆ ಬಂದಾಗ ಬ್ರೇಕರ್ ತೆಗಿ. ಸೊನ್ನೆ ತನಕ ಕಾಯಬೇಡ, ರಿವರ್ಸ್ ಆಗಿಬಿಡುತ್ತದೆ. ಮೂರು ನಾಲ್ಕು ನಿಮಿಷ ಖಾಲಿ ಓಡಿಸಿ ತಣ್ಣಗಾದ ಮೇಲೆ ನಿಲ್ಲಿಸು.

ಹಳೇ_ಪವರ್‌ಹೌಸ್:

ಗಂಗಾವತಿಯವರೇ, ಇನ್ನೊಂದು ಕೆಲಸ ಮಾಡಿ. ಇವತ್ತಿನ ರೀಡಿಂಗ್ ಪೂರ್ತಿ ಒಂದು ಕಾಗದದಲ್ಲಿ ಬರೆದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿ. ಮುಂದೆ ಯಾರಾದರೂ ಎವಿಆರ್ ಬದಲಾಯಿಸಿದರೆ ನಿಮ್ಮ 408 ಅವರಿಗೆ ಕಾಣಬೇಕು.

ಪೀಣ್ಯ_ಪ್ಯಾನೆಲ್:

ಜೊತೆಗೆ ನ್ಯೂಟ್ರಲ್ ಕರೆಂಟ್ ಕೂಡ ಬರೆದಿಡಿ. ಎರಡು ಬೇರೆ ಬೇರೆ ಆಲ್ಟರ್ನೇಟರ್ ಅಲ್ವಾ, ಒಳಗಿನ ವೈಂಡಿಂಗ್ ಪಿಚ್ (ಸುರುಳಿ ಸುತ್ತಿದ ಅಂತರ) ಬೇರೆ ಇದ್ದರೆ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯ ಕರೆಂಟ್) ನ್ಯೂಟ್ರಲ್‌ನಲ್ಲಿ ಸುತ್ತುತ್ತದೆ. ಲೋಡ್ ಇಲ್ಲದಾಗ, ಎರಡೂ ಪ್ಯಾರಲಲ್ ಇದ್ದಾಗ, ಕ್ಲಾಂಪ್ ಮೀಟರ್ ಹಾಕಿ ನೋಡಿ.

ಗಂಗಾವತಿ_ಮಿಲ್:

ಈಗಷ್ಟೇ ನೋಡಿ ಬಂದೆ ಸರ್. ನ್ಯೂಟ್ರಲ್‌ನಲ್ಲಿ 4 ಆಂಪ್ಸ್. ಎಸ್1, ಎಸ್2 ವೈರ್‌ಗೆ ಫೆರೂಲ್ ಹಾಕಿ ಹೆಸರು ಬರೆದೆ. ಕಾಗದವನ್ನು ಮಗಳ ಹತ್ತಿರ ದುಂಡಗೆ ಬರೆಸಿ ಬಾಗಿಲಿಗೆ ಅಂಟಿಸಿದ್ದೇನೆ.

ಪೀಣ್ಯ_ಪ್ಯಾನೆಲ್:

4 ಆಂಪ್ಸ್ ಏನೂ ಅಲ್ಲ. ನಿಶ್ಚಿಂತೆಯಿಂದ ಓಡಿಸಿ.